ಬರಿಗೈಯಲ್ಲಿ ಕಾಡಿಗೆ ಹೋಗಲಾರದ ತಾಯಿ

ಮುಂಬಯಿಯ ಪಶ್ಚಿಮ ಉಪನಗರಗಳಿಂದ ನನ್ನ ಬಳಿಗೆ ಆಪ್ತಸಲಹೆಗೆ ಬರುವ ಕನ್ನಡ ಕುಟುಂಬಗಳಲ್ಲಿ ಕೆಲವು ವರ್ಷಗಳಿಂದ ಒಂದೇ ಬಗೆಯ ಕಥೆ ಮತ್ತೆ ಮತ್ತೆ ಕೇಳಿಸುತ್ತಿದೆ. ಮನೆಯ ಹಿರಿಯರಿಗೆ ನಿದ್ದೆ ಬರುವುದಿಲ್ಲ, ಮಾತು ಕಡಿಮೆಯಾಗಿದೆ, ಸಣ್ಣದಕ್ಕೂ ಸಿಡುಕುತ್ತಾರೆ ಎಂದಾಗ, ಮಕ್ಕಳು ಎಲ್ಲೋ ಓದಿ ಅಥವಾ ಯಾರಿಂದಲೋ ಕೇಳಿ ಅವರನ್ನು ಅರಣ್ಯಸ್ನಾನದ, ಅಂದರೆ ಮರಗಳ ನಡುವೆ ಸುಮ್ಮನೆ ಹೊತ್ತು ಕಳೆದು ಮನಸ್ಸು ಹಗುರ ಮಾಡಿಕೊಳ್ಳುವ ಅಭ್ಯಾಸದ, ಶಿಬಿರಕ್ಕೆ ಸೇರಿಸುತ್ತಾರೆ. ಕೆಲವರಿಗೆ ಅದರಿಂದ ನಿಜವಾಗಿಯೂ ಹಿತವಾಗಿದೆ. ಆದರೆ ಇನ್ನು ಕೆಲವರು ‘ಅದೂ ನನ್ನಿಂದ ಆಗಲಿಲ್ಲ’ ಎಂಬ ಹೊಸದೊಂದು ಸೋಲನ್ನು ಹೊತ್ತುಕೊಂಡು ನನ್ನೆದುರು ಕುಳಿತುಕೊಳ್ಳುತ್ತಾರೆ. ಅಂಥ ಒಬ್ಬ ತಾಯಿಯ ವಿಷಯವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಅರವತ್ತರ ಹತ್ತಿರದ ವಯಸ್ಸು. ಕುಂದಾಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಮುಂಬಯಿಗೆ ಬಂದವರು. ಗಂಡ ಹೋಟೆಲಿನಲ್ಲಿ ದುಡಿದು ತೀರಿಕೊಂಡ ಮೇಲೆ ಮಗ, ಸೊಸೆ ಮತ್ತು ಹಾಸಿಗೆ ಹಿಡಿದಿದ್ದ ಅತ್ತೆ ಅವರ ಪ್ರಪಂಚವಾಗಿದ್ದರು. ಅತ್ತೆಗೆ ಹಾಸಿಗೆ ಹುಣ್ಣಾಗದಂತೆ ರಾತ್ರಿ ಎರಡು ಗಂಟೆಗೆ ಎದ್ದು ಮಗ್ಗುಲು ಬದಲಿಸುವುದು ವರ್ಷಗಟ್ಟಲೆ ನಡೆದ ರೂಢಿ. ಅತ್ತೆ ಹೋಗಿ ಒಂದೂವರೆ ವರ್ಷವಾದರೂ ಅದೇ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು, ಆಮೇಲೆ ಬೆಳಗಿನವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಥೈರಾಯ್ಡ್, ರಕ್ತದೊತ್ತಡ, ಹಿಮೋಗ್ಲೋಬಿನ್ ಎಲ್ಲವನ್ನೂ ಅವರ ವೈದ್ಯರು ನೋಡಿದ್ದರು. ಖಿನ್ನತೆಯ ತೀವ್ರತೆಯನ್ನು ನಾನು ಅಳೆದಾಗ ಮನೋವೈದ್ಯರ ಔಷಧಿ ಕೂಡಲೇ ಬೇಕೆನ್ನುವ ಹಂತದಲ್ಲಿ ಅವರಿರಲಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಸಾಯುವ ಯೋಚನೆ ಇರುವವರನ್ನು, ಊಟ ನೀರು ಬಿಟ್ಟವರನ್ನು ಮರದ ಕೆಳಗೆ ನಿಲ್ಲಿಸಿ ಗುಣಪಡಿಸುತ್ತೇವೆ ಎಂದು ಹೊರಡುವುದು ಅಪಾಯ. ಅಂಥವರು ಮೊದಲು ಹೋಗಬೇಕಾದದ್ದು ಮನೋವೈದ್ಯರಲ್ಲಿಗೆ.

ಮಗ ಅವರನ್ನು ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ನಡೆದ ಒಂದು ಗುಂಪು ನಡಿಗೆಗೆ ಕಳುಹಿಸಿದ್ದ. ನಡೆಸುವವರು ಎಲ್ಲರಿಗೂ ಫೋನ್ ಒಳಗಿಡಲು ಹೇಳಿ, ಒಂದೊಂದು ಮರ ಆರಿಸಿಕೊಂಡು, ಕಣ್ಣು ಮುಚ್ಚಿ, ಏನನ್ನೂ ಮಾಡದೆ ಇಪ್ಪತ್ತು ನಿಮಿಷ ನಿಲ್ಲುವಂತೆ ಹೇಳಿದರಂತೆ. ಸ್ವಲ್ಪ ಹೊತ್ತಿನಲ್ಲೇ ಇವರಿಗೆ ಎದೆ ಬಡಿತ ಹೆಚ್ಚಾಗಿ, ಕೈ ನಡುಗಿ, ಅಳು ಬಂದಿತು. ಇನ್ನು ಆ ಕಡೆ ಕಾಲಿಡುವುದಿಲ್ಲ ಎಂದು ಮನೆಗೆ ಬಂದು ಹಟ ಹಿಡಿದರು. ನಡೆಸಿದವರ ತಪ್ಪು ಇದರಲ್ಲಿ ನನಗೆ ಕಾಣಲಿಲ್ಲ. ಅವರು ಕಲಿತದ್ದನ್ನು ಕಲಿತಂತೆಯೇ ಮಾಡಿದ್ದರು.

ನಮ್ಮ ಮೊದಲ ಭೇಟಿಗಳು ಹೆಚ್ಚು ಫಲ ಕೊಡಲಿಲ್ಲ. ಅವರು ಕುಳಿತಲ್ಲೇ ಸೀರೆಯ ಸೆರಗಿನಿಂದ ನನ್ನ ಮೇಜಿನ ಅಂಚನ್ನು ಒರೆಸುತ್ತಿದ್ದರು. ಕೇಳಿದ್ದಕ್ಕೆ ಉತ್ತರ ಬರುತ್ತಿತ್ತು, ಅಷ್ಟೇ. ದೀಪಾವಳಿ ಕಳೆದ ಮೇಲೆ ಬಂದ ದಿನ ಮಾತ್ರ ನಾನು ನಿದ್ದೆಯ ವಿಷಯ ಬಿಟ್ಟು, ಊರಿನಲ್ಲಿ ಹುಡುಗಿಯಾಗಿದ್ದಾಗ ಕಾಡಿಗೆ ಹೋಗುತ್ತಿದ್ದಿರಾ ಎಂದು ಕೇಳಿದೆ.

“ಹಾಡಿಗೆ ಹೋಗದೆ ಹೇಗೆ ಮೇಡಂ? ದಿನಾ ಹೋಗಬೇಕಿತ್ತು” ಎಂದರು. ಅಲ್ಲಿಂದ ಮಾತು ಹರಿಯಿತು. ಬೆಳಗ್ಗೆ ಕತ್ತಿ ಹಿಡಿದು ಹೊರಟರೆ ಹಟ್ಟಿಗೆ ಸೊಪ್ಪು, ಬೇಸಿಗೆಯಲ್ಲಿ ತರಗೆಲೆ, ಮಳೆಗಾಲಕ್ಕೆ ಮುಂಚೆ ಸೌದೆ. ಹೊರೆ ಹಗುರವಾಗಿದ್ದರೆ ಅಮ್ಮ ಬೈಯುತ್ತಿದ್ದರು. ಕಾಡೆಂದರೆ ತಲೆಯ ಮೇಲೆ ಭಾರ ಹೊತ್ತು ಮರಳಬೇಕಾದ ಜಾಗ. “ಅಲ್ಲಿಗೆ ಹೋಗಿ ಬರಿಗೈಯಲ್ಲಿ ಬರುವುದು ನಮಗೆ ಅಭ್ಯಾಸ ಇಲ್ಲ. ಆ ದಿನ ಕಣ್ಣು ಮುಚ್ಚಿ ನಿಂತಾಗ ಯಾರೋ ಹಿಂದಿನಿಂದ ಬೈದ ಹಾಗಾಯಿತು.”

ನಾನು ಸುಮ್ಮನಿದ್ದೆ. ಸ್ವಲ್ಪ ತಡೆದು ಅವರು ಇನ್ನೊಂದು ಮಾತು ಹೇಳಿದರು. ಅಂದು ಉದ್ಯಾನದಿಂದ ಹೊರಬರುವಾಗ, ಒಳಗಿನ ಪಾಡೆಯೊಂದರ, ಅಂದರೆ ಆದಿವಾಸಿಗಳ ಕೇರಿಯೊಂದರ, ಹೆಂಗಸು ತಲೆಯ ಮೇಲೆ ಸೌದೆಯ ಹೊರೆ ಹೊತ್ತು ಎದುರಿಗೆ ಬಂದಳಂತೆ.

“ಅವಳನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು ಮೇಡಂ. ಅವಳ ಸೌದೆಗೆ ಮನೆಯಲ್ಲಿ ಒಂದು ಒಲೆ ಕಾಯ್ತಾ ಇರ್ತದೆ. ನಾನು ಬಂದರೂ ಬರದಿದ್ದರೂ ನಮ್ಮ ಮನೆಯಲ್ಲಿ ಕುಕ್ಕರ್ ಕೂಗ್ತದೆ.”

ಮಗ ಮತ್ತು ಸೊಸೆ ತುಂಬ ಒಳ್ಳೆಯವರು. ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ಆರಾಮವಾಗಿರಿ ಎಂದು ಹೇಳಿ ಒಂದೊಂದೇ ಕೆಲಸವನ್ನು ಅವರ ಕೈಯಿಂದ ತೆಗೆದುಕೊಂಡಿದ್ದರು. ಅತ್ತೆ ಹೋದ ಮೇಲೆ ಉಳಿದಿದ್ದ ಕೆಲಸಗಳೂ ಹೀಗೆ ಪ್ರೀತಿಯಿಂದಲೇ ಹೋದವು. ಅದೇ ಭೇಟಿಯ ಕೊನೆಗೆ, ಎದ್ದು ಹೋಗುವ ಮುನ್ನ, ಅವರು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಹೊರಬಂದಿತು: ಅತ್ತೆಯ ಉಸಿರು ನಿಂತ ದಿನ ಅವರಿಗೆ ಮೊದಲು ಅನ್ನಿಸಿದ್ದು ‘ಇವತ್ತು ರಾತ್ರಿ ಮಲಗಬಹುದು’ ಎಂದು. ಆ ರಾತ್ರಿಯಿಂದಲೇ ಅವರಿಗೆ ನಿದ್ದೆಯಿಲ್ಲ.

ದೀರ್ಘಕಾಲ ರೋಗಿಯ ಸೇವೆ ಮಾಡಿದವರಿಗೆ ಸಾವಿನ ಹೊತ್ತಿನಲ್ಲಿ ಒಂದು ಬಿಡುಗಡೆಯ ಭಾವ ಬರುವುದು ತೀರ ಸಾಮಾನ್ಯ. ಅದು ಪ್ರೀತಿ ಇರಲಿಲ್ಲ ಎಂಬುದರ ಗುರುತಲ್ಲ, ದಣಿವಿನ ಗುರುತು. ಇದನ್ನು ನಾನು ಅವರಿಗೆ ಅಂದೇ ನೇರವಾಗಿ ಹೇಳಿದೆ, ಮುಂದಿನ ಭೇಟಿಗಳಲ್ಲಿ ಮತ್ತೆ ಮತ್ತೆ ಹೇಳಬೇಕಾಯಿತು. ಆದರೆ ಮಾತಿನಿಂದ ಮಾತ್ರ ಇದು ಇಳಿಯುವುದಿಲ್ಲವೆಂದು ನನಗೆ ಖಚಿತವಿತ್ತು, ಏಕೆಂದರೆ ಅವರು ಬದುಕಿಡೀ ಕೈಯಿಂದ ಯೋಚಿಸಿದವರು. ಆದ್ದರಿಂದ ಅವರನ್ನು ಮತ್ತೆ ಅದೇ ಕಾಡಿಗೆ ಕಳುಹಿಸಿದೆ, ಬೇರೆ ರೀತಿಯಲ್ಲಿ.

ನಾನು ಕೊಟ್ಟ ಸಲಹೆ ಇಷ್ಟು. ಗುಂಪು ಬೇಡ. ವಾರಕ್ಕೊಮ್ಮೆ ಬೆಳಗ್ಗೆ ಮಗನ ಜೊತೆಗೆ ಹೋಗಬೇಕು. ಚಿರತೆಗಳಿರುವ ಕಾಡಾದ್ದರಿಂದ ಒಂಟಿಯಾಗಿ ಒಳದಾರಿ ಹಿಡಿಯದೆ ಕಾನ್ಹೇರಿ ಗುಹೆಗಳ ಕಡೆ ಹೋಗುವ ಮುಖ್ಯ ರಸ್ತೆಯಲ್ಲೇ ಇರಬೇಕು, ಸೋಮವಾರ ಉದ್ಯಾನಕ್ಕೆ ರಜೆ ಎಂಬುದು ನೆನಪಿರಬೇಕು. ಕಣ್ಣು ಮುಚ್ಚಬೇಕಾಗಿಲ್ಲ. ಕೈಗೆ ಕೆಲಸ ಬೇಕೆನಿಸಿದರೆ ಕೆಲಸ ಕೊಡಬೇಕು: ಊರಿನಲ್ಲಿ ಕಂಡಿದ್ದ ಒಂದು ಮರವನ್ನು ಗುರುತಿಸಿ, ಪ್ರತಿ ವಾರ ಅದೇ ಮರದ ಬಳಿ ಹೋಗಿ, ತೊಗಟೆ ಮುಟ್ಟಿ, ಬಿದ್ದ ಎಲೆಯನ್ನು ಎತ್ತಿಕೊಂಡು, ಚೆನ್ನಾಗಿ ನೋಡಿ, ಎತ್ತಿಕೊಂಡ ಜಾಗದಲ್ಲೇ ಮತ್ತೆ ಇಡಬೇಕು. ರಾಷ್ಟ್ರೀಯ ಉದ್ಯಾನದಿಂದ ಅನುಮತಿಯಿಲ್ಲದೆ ಏನನ್ನೂ ಒಯ್ಯಬಾರದೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ, ಹಾಗಾಗಿ ಇದು ನನ್ನ ಹಟವಲ್ಲ, ಅಲ್ಲಿಯ ನಿಯಮ ಎಂದು ವಿವರಿಸಿದೆ. ಎತ್ತುವುದು ಅವರಿಗೆ ಗೊತ್ತಿತ್ತು. ಯಾರಿಗಾಗಿಯೂ ಅಲ್ಲದೆ ಎತ್ತಿ, ತಪ್ಪಿತಸ್ಥ ಭಾವವಿಲ್ಲದೆ ಇಳಿಸುವುದನ್ನು ಕೈ ಕಲಿಯಲಿ ಎಂಬುದು ನನ್ನ ಉದ್ದೇಶವಾಗಿತ್ತು.

ಅವರು ಆರಿಸಿಕೊಂಡದ್ದು ಮತ್ತಿ ಮರ. ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಒಡೆದ ಕಪ್ಪು ತೊಗಟೆಯಿಂದ ದೂರಕ್ಕೇ ಗುರುತು ಸಿಕ್ಕಿತಂತೆ. ಊರಿನಲ್ಲಿ ಅದರ ಸೊಪ್ಪನ್ನು ಗೊಬ್ಬರಕ್ಕೆಂದು ಕಡಿಯುತ್ತಿದ್ದರು. ಮೂರನೆಯ ವಾರವೋ ನಾಲ್ಕನೆಯ ವಾರವೋ, ಬಂದವರೇ ಮೊದಲ ಬಾರಿಗೆ ನಾನು ಕೇಳುವ ಮುನ್ನ ಮಾತು ಶುರು ಮಾಡಿದರು. ಮತ್ತಿಯ ಎಲೆಯನ್ನು ಮಗುಚಿ ನೋಡಿದರೆ, ತೊಟ್ಟಿನ ಹತ್ತಿರ, ನಡುನರದ ಬುಡದಲ್ಲಿ ಎರಡು ಪುಟ್ಟ ಗಂಟುಗಳಿರುತ್ತವೆ. ಅವು ಎಲೆಯ ಗ್ರಂಥಿಗಳು. ತಗ್ಗಿನ ಕೊಂಬೆಯೊಂದರಲ್ಲಿ ಹಸಿ ಎಲೆಯ ಆ ಗಂಟುಗಳ ಬಳಿ ಇರುವೆಗಳು ಓಡಾಡುವುದನ್ನು ಅವರು ಬಹಳ ಹೊತ್ತು ನೋಡಿದ್ದರು. “ಎಷ್ಟು ಹೊರೆ ಕಡಿದಿದ್ದೇನೋ ಲೆಕ್ಕವಿಲ್ಲ ಮೇಡಂ, ಒಂದು ಎಲೆಯನ್ನಾದರೂ ತಿರುಗಿಸಿ ನೋಡಿರಲಿಲ್ಲ” ಎಂದು ಹೇಳುವಾಗ ಅವರ ಕೈ ಮೇಜಿನ ಅಂಚಿನಲ್ಲಿರಲಿಲ್ಲ, ಅಂಗೈಯನ್ನು ಎಲೆಯಂತೆ ಮಗುಚಿ ತೋರಿಸುತ್ತಿತ್ತು.

ನಮ್ಮ ವೃತ್ತಿಯವರ ಒಂದು ಚರ್ಚೆಯಲ್ಲಿ ಈ ಪ್ರಕರಣವನ್ನು ಇಟ್ಟಾಗ ಎರಡು ಆಕ್ಷೇಪಗಳು ಬಂದವು. ಮೊದಲನೆಯದು, ಇದು ಅರಣ್ಯಸ್ನಾನವೇ ಅಲ್ಲ ಎಂಬುದು. ಇರಬಹುದು. 1982ರಲ್ಲಿ ಜಪಾನಿನ ಅರಣ್ಯ ಇಲಾಖೆಯ ಮುಖ್ಯಸ್ಥರಾಗಿದ್ದ ತೊಮೊಹಿದೆ ಅಕಿಯಾಮ ಅವರು ಶಿನ್ರಿನ್ ಯೋಕು ಎಂಬ ಹೆಸರಿನಲ್ಲಿ ಇದನ್ನು ಜನರ ಮುಂದಿಟ್ಟಾಗ ಅವರ ಕಣ್ಣೆದುರಿಗೆ ಇದ್ದವರು ನಗರದ ದುಡಿಮೆಯಲ್ಲಿ ಬಸವಳಿದ, ಕಾಡಿನಿಂದ ದೂರವಾದ ಜನ. ಮುಂದೆ ಟೋಕಿಯೋದ ವೈದ್ಯ ಚಿಂಗ್ ಲಿ ಮತ್ತು ಸಂಗಡಿಗರು ಮರಗಳು ಹೊರಸೂಸುವ ಫೈಟೋನ್‌ಸೈಡ್ ಎಂಬ ದ್ರವ್ಯಗಳ ಬಗ್ಗೆ, ರೋಗನಿರೋಧಕ ಕಣಗಳ ಬಗ್ಗೆ ಅಧ್ಯಯನ ನಡೆಸಿದರು. ಅವು ಸಣ್ಣ ಗುಂಪುಗಳ ಅಧ್ಯಯನಗಳು, ಅಲ್ಲಿಯ ಕಾಡುಗಳೂ ಬೇರೆ. ಬೊರಿವಲಿಯ ಎಲೆಯುದುರುವ ಕಾಡಿನಲ್ಲಿ ನಡೆದರೆ ನಿಮ್ಮ ರೋಗನಿರೋಧಕ ಶಕ್ತಿ ಇಷ್ಟು ಹೆಚ್ಚುತ್ತದೆ ಎಂದು ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 2015ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ಪ್ರಕಟಿಸಿದ ಅಧ್ಯಯನ: ಮರಗಳಿರುವ ಹುಲ್ಲುಗಾವಲಿನಲ್ಲಿ 90 ನಿಮಿಷ ನಡೆದವರಲ್ಲಿ ಬೇಡದ ಯೋಚನೆಯನ್ನು ಮೆಲುಕು ಹಾಕುವುದು ಕಡಿಮೆಯಾಗಿತ್ತು, ವಾಹನ ದಟ್ಟಣೆಯ ರಸ್ತೆಯಲ್ಲಿ ನಡೆದವರಲ್ಲಿ ಆಗಿರಲಿಲ್ಲ. ಎರಡು ಗಂಟೆಯ ರಾತ್ರಿಯಲ್ಲಿ ಈ ತಾಯಿ ಮಾಡುತ್ತಿದ್ದದ್ದು ಅದೇ ಮೆಲುಕು.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಬದುಕಿಡೀ ಚಾಕರಿ ಮಾಡಿದ ಹೆಂಗಸಿಗೆ ವಿಶ್ರಾಂತಿ ಕಲಿಸುವ ಬದಲು ನೀವು ಮತ್ತೊಂದು ಕೆಲಸ ಹಚ್ಚಿದಿರಿ ಎಂದು ನನಗಿಂತ ಹಿರಿಯರೊಬ್ಬರು ಹೇಳಿದರು. ನಾನು ಇದನ್ನು ಒಪ್ಪುವುದಿಲ್ಲ. ಸುಮ್ಮನಿರುವುದು ಒಂದು ಕೌಶಲ, ಅದನ್ನು ಹುಡುಗಿಯಾಗಿದ್ದಾಗ ಯಾರೂ ಕಲಿಸದೆ, ಸುಮ್ಮನೆ ಕುಳಿತಾಗಲೆಲ್ಲ ಬೈದು ಎಬ್ಬಿಸಿದ ಮೇಲೆ, ಅರವತ್ತನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಸುಮ್ಮನಿರಿ ಎಂದು ಹೇಳುವುದು ಅವರ ಪಾಲಿಗೆ ಇನ್ನೊಂದು ಅಪ್ಪಣೆಯಾಗುತ್ತದೆ. ಘಟ್ಟದ ಮೇಲೆ ಅಥವಾ ಕೆಳಗೆ ಹುಟ್ಟಿ ಈ ನಗರಕ್ಕೆ ಬಂದ ನಮ್ಮ ಹಿರಿಯ ಹೆಂಗಸರಲ್ಲಿ ಬಹುಮಂದಿಗೆ ಕಾಡು ಹೊಸದಲ್ಲ, ಅದು ಹೆದರಿಕೆಯೂ ಹಸಿವೂ ಹಾಡೂ ಹೊರೆಯೂ ಸೇರಿದ ಹಳೆಯ ಸಂಬಂಧ. ಕಾಡಿಗೆ ಕಳುಹಿಸುವ ಮುನ್ನ ಆ ಸಂಬಂಧವನ್ನು ಕೇಳಿ ತಿಳಿಯದಿದ್ದರೆ ನಾವು ಕೊಡುವುದು ಚಿಕಿತ್ಸೆಯೂ ಅಲ್ಲ, ಗೌರವವೂ ಅಲ್ಲ. ಹಾಗೆಂದು ಸೌದೆ ಹೊರುವ ಬದುಕನ್ನು ನಾನು ಹೊಗಳುತ್ತಿಲ್ಲ. ಉದ್ಯಾನದೊಳಗಿನ ವಾರ್ಲಿ ಮತ್ತಿತರ ಆದಿವಾಸಿ ಹೆಂಗಸರಿಗೆ ಅದು ಇಂದಿಗೂ ಅನಿವಾರ್ಯ, ಕಾನೂನಿನ ಭಯದ ನಡುವೆ ಮಾಡುವ ದುಡಿಮೆ. ಈ ತಾಯಿಯೊಂದಿಗೂ ಅದನ್ನು ಮಾತನಾಡಿದೆ, ಅವರು ತಲೆಯಾಡಿಸಿ, ಆ ಹೊರೆಯ ನೋವು ತಮಗೆ ಗೊತ್ತು ಎಂದರು.

ಅಷ್ಟು ದೂರ ಹೋಗಲಾಗದವರಿಗೆ ನಾನು ಧಾರಾವಿಯ ಪಕ್ಕದ, ಮಿಠಿ ನದಿಯ ದಂಡೆಯ ಮಹಾರಾಷ್ಟ್ರ ನೇಚರ್ ಪಾರ್ಕನ್ನು ಸೂಚಿಸುತ್ತೇನೆ. ಒಂದು ಕಾಲಕ್ಕೆ ಕಸದ ಗುಡ್ಡೆಯಾಗಿದ್ದ ಆ ನೆಲದಲ್ಲಿ ನೆಟ್ಟು ಬೆಳೆಸಿದ ಕಾಡಿದೆ. ಇಂಗ್ಲೆಂಡಿನಲ್ಲಿ ಸುಮಾರು 20 ಸಾವಿರ ಜನರ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಾರಕ್ಕೆ ಒಟ್ಟು 120 ನಿಮಿಷವಾದರೂ ಹಸಿರಿನ ನಡುವೆ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ಹೇಳಿಕೊಳ್ಳುವುದು ಹೆಚ್ಚು ಎಂದು ತೋರಿಸಿತು. ಆ ಹೊತ್ತನ್ನು ಒಂದೇ ಸಲ ಕಳೆದರೂ, ಹಲವು ಸಲ ಕಳೆದರೂ ವ್ಯತ್ಯಾಸವಿರಲಿಲ್ಲ. ಲೋಕಲ್ ರೈಲಿನ ಬದುಕಿರುವವರಿಗೆ ಇದು ಸಮಾಧಾನದ ವಿಷಯ.

ಈ ತಾಯಿಗೆ ಎರಡು ಗಂಟೆಗೆ ಈಗಲೂ ಎಚ್ಚರವಾಗುತ್ತದೆ. ಎದ್ದು ನೀರು ಕುಡಿದು, ದೀಪ ಹಾಕದೆ ಸ್ವಲ್ಪ ಹೊತ್ತು ಕುಳಿತು, ಬಂದರೆ ನಿದ್ದೆ ಮಾಡುತ್ತಾರೆ. ಹೆಚ್ಚಿನ ರಾತ್ರಿಗಳಲ್ಲಿ ಬರುತ್ತದೆ. ಬೆಳಗಿನ ತಿಂಡಿಯ ಜವಾಬ್ದಾರಿಯನ್ನು ಸೊಸೆ ಅವರಿಗೆ ಮರಳಿ ಕೊಟ್ಟಿದ್ದಾಳೆ, ಅದನ್ನು ನಾನೇ ಕೇಳಿಕೊಂಡಿದ್ದೆ. ಕಾಡಿನಲ್ಲಿ ತಾನೇನು ಮಾಡಬೇಕೆಂದು ಮಗ ವಿಚಾರಿಸಿದ. ಹತ್ತಿಪ್ಪತ್ತು ಹೆಜ್ಜೆ ಹಿಂದೆ ನಡೆಯಬೇಕು, ಫೋಟೋ ತೆಗೆಯಬಾರದು, ಮರಳುವ ದಾರಿಯಲ್ಲಿ ‘ಅಮ್ಮ, ಹೇಗನ್ನಿಸಿತು’ ಎಂದು ಕೇಳಬಾರದು, ಅವರಾಗಿ ಮತ್ತಿ ಮರದ ವಿಷಯ ಎತ್ತಿದರೆ ಆ ಮರ ಯಾವುದೆಂದು ತಾನೂ ಹೋಗಿ ನೋಡಬೇಕು ಎಂದು ಅವನಿಗೆ ಹೇಳಿದ್ದೇನೆ.