ಎರಡೇ ಸ್ಪೀಕರ್‌ನಲ್ಲಿ ಸದ್ದು ಬಂದರೆ ಮೊದಲು ರಿಸೀವರ್ ನೋಡಿ

ನಮಸ್ಕಾರ. ಡೊಂಬಿವಲಿಯ ಮನೆಯಲ್ಲಿ ಜೆಲ್ಲಿಫಿನ್ ಸರ್ವರ್ (ನಮ್ಮ ಸಿನಿಮಾ ಫೈಲ್‌ಗಳನ್ನು ಟಿವಿ, ಫೋನ್‌ಗೆ ಕಳಿಸುವ ಸಾಫ್ಟ್‌ವೇರ್) ಇದೆ, ಎಎಸಿ 5.1 (ಎಎಸಿ ಎಂಬ ಬಗೆಯ, ಆರು ಚಾನೆಲ್‌ನ ಆಡಿಯೊ) ಇರುವ ಸಿನಿಮಾ ಹಾಕಿದರೂ ಮುಂದಿನ ಎರಡೇ ಸ್ಪೀಕರ್‌ನಲ್ಲಿ ಸದ್ದು, ಟಿವಿಯಿಂದ ರಿಸೀವರ್‌ಗೆ (ಸ್ಪೀಕರ್‌ಗಳನ್ನು ನಡೆಸುವ ಪೆಟ್ಟಿಗೆ) ಆಪ್ಟಿಕಲ್ ಕೇಬಲ್ ಅಂದಿದ್ದೀರಿ. ಗಾಬರಿ ಬೇಡ, ಸರ್ವರ್ ಸರಿಯಾಗಿಯೇ ಇದೆ ಅನಿಸುತ್ತದೆ. ಹೊಸ ಕೇಬಲ್ ತರಲು ಸುಮ್ನೆ ಮುಂಬೈನ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಓಡಬೇಡಿ.

ಸಿನಿಮಾ ಓಡುತ್ತಿರುವಾಗ ರಿಸೀವರ್‌ನ ಪುಟ್ಟ ಡಿಸ್‌ಪ್ಲೇ ನೋಡಿ. ಅಲ್ಲಿ 'ಪಿಸಿಎಂ' (ಕುಗ್ಗಿಸದ ಡಿಜಿಟಲ್ ಸದ್ದು) ಅಂತ ಇದ್ದರೆ ಟಿವಿಯೇ ಆರು ಚಾನೆಲ್‌ಗಳನ್ನು ಎರಡಕ್ಕೆ ಇಳಿಸುತ್ತಿದೆ. ಆಪ್ಟಿಕಲ್‌ನಲ್ಲಿ ಪಿಸಿಎಂ ಆದರೆ ಎರಡೇ ಚಾನೆಲ್ ಹೋಗುತ್ತವೆ. 5.1 ಬೇಕಾದರೆ ಸದ್ದನ್ನು ಕುಗ್ಗಿಸಿ ಕಳಿಸುವ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಆಗಿಯೇ ಹೋಗಬೇಕು. ನಿಮ್ಮ ಟಿವಿಗೆ ಎಎಸಿ ಓದಲು ಬರುತ್ತದೆ, ಹಾಗಾಗಿ ಸರ್ವರ್ ಟ್ರಾನ್ಸ್‌ಕೋಡ್ ಮಾಡದೆ (ಬೇರೆ ಬಗೆಗೆ ಬದಲಿಸದೆ) ಇದ್ದದ್ದನ್ನು ಇದ್ದ ಹಾಗೇ ಕಳಿಸುತ್ತದೆ. ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್‌ನಲ್ಲಿ 'ಡೈರೆಕ್ಟ್ ಪ್ಲೇ' ಅಂತ ಕಾಣುವುದು ಅದಕ್ಕೇ. ತೊಂದರೆ ಶುರುವಾಗುವುದು ಅದರ ಮುಂದೆ.

ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಇದ್ದರೆ 'ಆಟೋ' ಅಥವಾ 'ಡಾಲ್ಬಿ ಡಿಜಿಟಲ್' ಮಾಡಿ. ಕೆಲವು ಟಿವಿಗಳು ಅಷ್ಟಕ್ಕೇ ದಾರಿಗೆ ಬರುತ್ತವೆ.

ಬಾರದಿದ್ದರೆ ಎಫ್‌ಎಫ್‌ಎಂಪೆಗ್ ಎಂಬ ಫೈಲ್ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ಆಡಿಯೊ ಮಾತ್ರ ಎಸಿ3ಗೆ (ಅಂದರೆ ಡಾಲ್ಬಿ ಡಿಜಿಟಲ್‌ಗೆ) ಬದಲಿಸಿ, 640 ಕೆಬಿಪಿಎಸ್ ಕೊಡಿ. ವಿಡಿಯೊ 'ಕಾಪಿ' ಇರಲಿ. ಆಗ ಚಿತ್ರದ ಗುಣಮಟ್ಟ ಒಂದಿಷ್ಟೂ ಕೆಡುವುದಿಲ್ಲ, ಹಳೇ ಕಂಪ್ಯೂಟರ್‌ಗೂ ಜಾಸ್ತಿ ಹೊರೆಯಾಗುವುದಿಲ್ಲ. ಹಳೆಯ ಎಎಸಿ ಟ್ರ್ಯಾಕ್ ಅಳಿಸಬೇಡಿ, ಲೋಕಲ್ ರೈಲಿನಲ್ಲಿ ಫೋನ್ ಹಿಡಿದು ನೋಡುವಾಗ ಅದೇ ಬೇಕು ಅಲ್ವಾ? ಬ್ಲೂ-ರೇ ಡಿಸ್ಕ್‌ನ ಟ್ರೂಎಚ್‌ಡಿ (ಡಾಲ್ಬಿಯದೇ ಇನ್ನೊಂದು, ದೊಡ್ಡ ಗಾತ್ರದ ಬಗೆ) ಟ್ರ್ಯಾಕ್‌ಗಳನ್ನೂ ಹೀಗೇ ಬದಲಿಸಬೇಕು, ಆಪ್ಟಿಕಲ್‌ನಲ್ಲಿ ಅವು ಹೋಗುವುದೇ ಇಲ್ಲ.

ಡಿಸ್‌ಪ್ಲೇಯಲ್ಲಿ ಏನು ಬಂತು ಅಂತ ಬರೆಯಿರಿ, ಮುಂದಿನದು ನೋಡೋಣ.