ನೆರೆ ಬಂತು, ಹಿಂದೆಯೇ ನೆರೆಯವನೂ ಬಂದ

ಸರದಿಯ ಪ್ರಕಾರ ಆಡುತ್ತ ಸಾಮ್ರಾಜ್ಯ ಕಟ್ಟುವ ಆಟಗಳಲ್ಲಿ ಮರೆಯಲಾಗದ ವಿಪತ್ತು ಯಾವುದು, ಮರೆಯಲಾಗದ ಯುದ್ಧ ಯಾವುದು ಎಂದು ನೀವು ಕೇಳಿದ್ದೀರಿ. ಇವು ಎರಡು ಪ್ರಶ್ನೆಗಳೆಂದು ನೀವು ಭಾವಿಸಿರಬಹುದು. ನನ್ನ ಮಟ್ಟಿಗೆ ಎರಡಕ್ಕೂ ಉತ್ತರ ಒಂದೇ. ಕನ್ನಡದಲ್ಲಿ ಉಕ್ಕಿ ಬರುವ ನೀರನ್ನೂ ನೆರೆ ಎನ್ನುತ್ತೇವೆ, ಪಕ್ಕದಲ್ಲಿರುವುದನ್ನೂ ನೆರೆ ಎನ್ನುತ್ತೇವೆ. ಸಿವಿಲೈಸೇಶನ್ 6 ಎಂಬ ಕಂಪ್ಯೂಟರ್ ಆಟವನ್ನು ಕೆಲವು ವರ್ಷ ಆಡಿದ ಮೇಲೆ, ಈ ಎರಡು ಅರ್ಥಗಳು ಒಂದೇ ಪದದಲ್ಲಿ ಬಂದು ಕೂತದ್ದು ಬರೀ ಆಕಸ್ಮಿಕವಲ್ಲವೇನೋ ಎಂಬ ಅನುಮಾನ ನನಗೆ ಹುಟ್ಟಿದೆ.

ಆಟವನ್ನು ಅರಿಯದವರಿಗಾಗಿ ಒಂದೆರಡು ಮಾತು. 2016ರ ಅಕ್ಟೋಬರಿನಲ್ಲಿ ಈ ಆಟ ಬಂದಾಗ ಅದರ ಭೂಪಟ ಅಲುಗಾಡದ ವಸ್ತುವಾಗಿತ್ತು. ನದಿ ಹರಿಯುತ್ತಿತ್ತು, ಆದರೆ ಉಕ್ಕುತ್ತಿರಲಿಲ್ಲ. 2019ರ ಫೆಬ್ರವರಿಯಲ್ಲಿ ಗ್ಯಾದರಿಂಗ್ ಸ್ಟಾರ್ಮ್ ಎಂಬ ವಿಸ್ತರಣೆ ಬಂದ ಮೇಲೆ ನೆರೆ, ಬರ, ಜ್ವಾಲಾಮುಖಿ, ಹಿಮಗಾಳಿ, ಧೂಳುಗಾಳಿ, ಸುಂಟರಗಾಳಿ, ಚಂಡಮಾರುತ ಎಲ್ಲವೂ ಬಂದವು. ಇವುಗಳ ತೀವ್ರತೆಯನ್ನು ಆಟದ ಆರಂಭದಲ್ಲಿಯೇ 0ಯಿಂದ 4ರವರೆಗೆ ನಾವೇ ನಿಗದಿಪಡಿಸಬಹುದು. ನಾನು ಯಾವಾಗಲೂ 4 ಇಡುತ್ತೇನೆ, ಅದಕ್ಕೆ ಧೈರ್ಯ ಕಾರಣವಲ್ಲ, ದುರಾಸೆ ಕಾರಣ. ನೆರೆ ಇಳಿದ ಮೇಲೆ ಉಳಿಯುವ ಮೆಕ್ಕಲು ಮಣ್ಣು, ಜ್ವಾಲಾಮುಖಿಯ ಬೂದಿ ಬಿದ್ದ ನೆಲ ಇವೆರಡೂ ಆಟದಲ್ಲಿ ಹೆಚ್ಚು ಫಸಲು ಕೊಡುತ್ತವೆ. ವಿಪತ್ತು ಹೆಚ್ಚಿದಷ್ಟೂ ನೆಲ ಫಲವತ್ತಾಗುತ್ತದೆ. ಭೂಪಟವು ಆರು ಮೂಲೆಯ ತುಂಡುಗಳಾಗಿ ಹಂಚಿಕೆಯಾಗಿರುತ್ತದೆ. ಚೌಕಾಬಾರದಲ್ಲಿ ಹೇಳುವಂತೆ ಅವನ್ನು ಮನೆಗಳೆಂದೇ ಕರೆಯುತ್ತೇನೆ.

ಆ ಆಟದಲ್ಲಿ ನಾನು ರೋಮ್, ನನ್ನ ದೊರೆ ಟ್ರೇಜನ್. ಎಂಟು ಕಠಿಣತೆಯ ಹಂತಗಳಲ್ಲಿ ಆರನೆಯದಾದ ಎಂಪರರ್ ಹಂತ. ರಾಜಧಾನಿಯ ಕೆಳಗೆ ಉದ್ದನೆಯ ನದಿಯೊಂದು ಹರಿಯುತ್ತಿತ್ತು, ಅದರ ಎರಡೂ ದಂಡೆಗಳಲ್ಲಿ ಬಯಲು. ಓಸ್ಟಿಯಾ ಎಂಬ ಎರಡನೆಯ ನಗರವನ್ನು ಆ ಬಯಲಿನ ನಡುವೆಯೇ ಕಟ್ಟಿದೆ. ಗದ್ದೆಗಳೆಲ್ಲ ಬಯಲಿನಲ್ಲಿ, ವಿದ್ಯಾಕೇಂದ್ರ ಬಯಲಿನಲ್ಲಿ, ಕೊನೆಗೆ ಸೇನಾ ಶಿಬಿರವೂ ಬಯಲಿನಲ್ಲಿ. ಈಜಿಪ್ಟನ್ನು ಆಯ್ದುಕೊಂಡು ಆಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಏಕೆಂದರೆ ಕ್ಲಿಯೋಪಾತ್ರಳ ನಾಡಿಗೆ ನದಿಯ ನೆರೆಯಿಂದ ಹಾನಿಯಾಗುವುದಿಲ್ಲ. ಉಳಿದವರಿಗೆ ಆ ಕಾಲಘಟ್ಟದಲ್ಲಿ ದಾರಿಗಳು ಕಡಿಮೆ. ಅಣೆಕಟ್ಟು ಕಟ್ಟುವ ವಿದ್ಯೆ ಮಧ್ಯಯುಗಕ್ಕೆ ಮೊದಲು ಸಿಗುವುದಿಲ್ಲ. ಮೊಹೆಂಜೊದಾರೊವಿನ ಮಹಾ ಸ್ನಾನಗೃಹವನ್ನು ಕಟ್ಟಿದರೆ ಆ ನದಿಯ ಹಾವಳಿ ತಗ್ಗುತ್ತದೆ, ಆದರೆ ಅದು ಜಗತ್ತಿಗೆಲ್ಲ ಒಂದೇ. ನಾನು ಅರ್ಧ ಕಟ್ಟುವಷ್ಟರಲ್ಲಿ ಬೇರೊಬ್ಬರು ಕಟ್ಟಿ ಮುಗಿಸಿದ್ದರು. ಲಿಯಾಂಗ್ ಎಂಬ ಅಧಿಕಾರಿಣಿಯನ್ನು ನಗರಕ್ಕೆ ನೇಮಿಸಿ ಕೆಲವು ಬಡ್ತಿ ಕೊಟ್ಟರೆ ಅಲ್ಲಿನ ಕಟ್ಟಡಗಳು ಪ್ರಕೃತಿಯ ಹೊಡೆತಕ್ಕೆ ಜಗ್ಗುವುದಿಲ್ಲ. ನಾನು ಅವಳ ಬದಲು ವಿದ್ಯೆ ಹೆಚ್ಚಿಸುವ ಪಿಂಗಳನನ್ನು ನೇಮಿಸಿದ್ದೆ. ಛಂದಸ್ಸಿನ ಪಾಠದಲ್ಲಿ ಕೇಳಿದ ಹೆಸರನ್ನು ಪರದೆಯ ಮೇಲೆ ಕಂಡರೆ ಕೈ ಅತ್ತಲೇ ಹೋಗುತ್ತದೆ.

ಬಂದದ್ದು ಸಾಮಾನ್ಯ ನೆರೆಯಲ್ಲ. ಆಟದಲ್ಲಿ ನೆರೆಗೆ ಮೂರು ದರ್ಜೆಗಳಿವೆ, ಅವುಗಳಲ್ಲಿ ಕಟ್ಟಕಡೆಯದರ ಹೆಸರೇ ಸಾವಿರ ವರ್ಷಕ್ಕೊಮ್ಮೆ ಬರುವ ನೆರೆ. ಒಂದೇ ಸರದಿಯಲ್ಲಿ ಓಸ್ಟಿಯಾದ ಜನಸಂಖ್ಯೆ 7ರಿಂದ 5ಕ್ಕೆ ಇಳಿಯಿತು, ಗದ್ದೆಗಳು ಕೊಚ್ಚಿಹೋದವು, ವಿದ್ಯಾಕೇಂದ್ರ ಮತ್ತು ಶಿಬಿರ ಎರಡೂ ಹಾಳಾಗಿ ಕೆಲಸಕ್ಕೆ ಬಾರದಂತಾದವು, ದಂಡೆಯ ಮೇಲೆ ಕಾವಲು ನಿಂತಿದ್ದ ಬಿಲ್ಲುಗಾರರು ಅರ್ಧ ಪ್ರಾಣವಾದರು. ನಾನು ಎದೆಗುಂದಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗಿದೆ. ಮೆಕ್ಕಲು ಬಿದ್ದ ಮನೆಗಳಲ್ಲಿ ಆಹಾರದ ಗುರುತುಗಳು ಒಂದೊಂದಾಗಿ ಹೆಚ್ಚಾಗಿದ್ದವು. ಓಸ್ಟಿಯಾಕ್ಕೆ ಕೋಟೆಗೋಡೆ ಕಟ್ಟಿಸಲು ತೊಡಗಿದ್ದವನು ಅದನ್ನು ಅರ್ಧಕ್ಕೇ ನಿಲ್ಲಿಸಿ, ಮೊದಲು ವಿದ್ಯಾಕೇಂದ್ರದ ದುರಸ್ತಿಯಾಗಲಿ ಎಂದು ಆಜ್ಞೆ ಕೊಟ್ಟೆ. ಗದ್ದೆಗಳನ್ನು ಕೆಲಸಗಾರರೇ ಖರ್ಚಿಲ್ಲದೆ ಸರಿಪಡಿಸುತ್ತಾರೆ, ಆದರೆ ಇಂಥ ಕಟ್ಟಡಗಳಿಗೆ ನಗರದ ದುಡಿಮೆಯನ್ನೇ ತೊಡಗಿಸಬೇಕಾಗುತ್ತದೆ. ಆ ಒಂದು ಆಜ್ಞೆಯೇ ನನ್ನನ್ನು ಮುಳುಗಿಸಿತು.

ಪೂರ್ವಕ್ಕೆ ಚಂದ್ರಗುಪ್ತನಿದ್ದ. ನೆರೆಗೆ ಆರು ಸರದಿ ಮೊದಲೇ ಅವನು ನನ್ನನ್ನು ಬಹಿರಂಗವಾಗಿ ಖಂಡಿಸಿದ್ದ. ಕಂಪ್ಯೂಟರ್ ದೊರೆಗಳು ಮಾತುಮಾತಿಗೆ ಮುನಿಯುವುದು ಇದ್ದದ್ದೇ ಎಂದು ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇಲ್ಲಿ ಆಟದ ವಿನ್ಯಾಸಕಾರರನ್ನು ಮೆಚ್ಚಲೇಬೇಕು. ಕೌಟಿಲ್ಯನ ಮಂಡಲ ಸಿದ್ಧಾಂತದಲ್ಲಿ ಗಡಿಗೆ ಹೊಂದಿಕೊಂಡ ರಾಜನು ಸಹಜ ಶತ್ರು, ಅವನಾಚೆಯ ರಾಜನು ಸಹಜ ಮಿತ್ರ. ಆಟದ ಚಂದ್ರಗುಪ್ತನ ಸ್ವಭಾವವೂ ಹಾಗೆಯೇ ಇದೆ: ಹತ್ತಿರದವರನ್ನು ಕಂಡರೆ ಆಗದು, ದೂರದವರನ್ನು ಕಂಡರೆ ಪ್ರೀತಿ. ಅವನ ವಿಶೇಷ ಸಾಮರ್ಥ್ಯದ ಹೆಸರೇ ಅರ್ಥಶಾಸ್ತ್ರ. ಸೈನಿಕ ತರಬೇತಿಯ ಹಂತ ತಲುಪಿದೊಡನೆ ಅವನು ರಾಜ್ಯ ವಿಸ್ತರಣೆಯ ಯುದ್ಧವನ್ನು ಸಾರಬಲ್ಲ, ಸಾರಿದ ಮೊದಲ ಹತ್ತು ಸರದಿಗಳಲ್ಲಿ ಅವನ ಪಡೆಗಳಿಗೆ ಎರಡು ಮನೆಗಳಷ್ಟು ಹೆಚ್ಚಿನ ನಡಿಗೆಯೂ 5 ಅಂಕಗಳಷ್ಟು ಹೆಚ್ಚಿನ ಬಲವೂ ಸಿಗುತ್ತದೆ.

ನೆರೆ ಇಳಿದ ಮೂರನೆಯ ಸರದಿಗೆ ಅವನ ಆನೆಗಳು ಬಂದವು. ಆಟದಲ್ಲಿ ಅವುಗಳನ್ನು ವರು ಎನ್ನುತ್ತಾರೆ. ಬಲ 40, ಕುದುರೆಗಳ ಅಗತ್ಯವಿಲ್ಲ, ಪಕ್ಕದ ಮನೆಯಲ್ಲಿರುವ ಶತ್ರುವಿನ ಬಲವನ್ನು ಒಂದೊಂದು ಆನೆಯೂ 5ರಷ್ಟು ಕುಗ್ಗಿಸುತ್ತದೆ. ಅವುಗಳ ಒಂದೇ ದೌರ್ಬಲ್ಯವೆಂದರೆ ನಿಧಾನ ನಡಿಗೆ, ಆ ಹತ್ತು ಸರದಿಗಳಲ್ಲಿ ಅದೂ ಇರುವುದಿಲ್ಲ. ನನ್ನ ಭರ್ಜಿಯವರ ಬಲ 25, ಸವಾರರ ಎದುರು ಇನ್ನು ಹತ್ತು ಸೇರಿ 35. ಎರಡು ಆನೆಗಳು ಅಕ್ಕಪಕ್ಕ ನಿಂತರೆ ಮತ್ತೆ 25. ಎದುರಿಗೆ ಆನೆಯ 40ಕ್ಕೆ ಅರ್ಥಶಾಸ್ತ್ರದ 5 ಸೇರಿ 45. ಈ ಅಂತರದಲ್ಲಿ ಎರಡು ಹೊಡೆತಕ್ಕೆ ಒಂದು ಪಡೆ ಮಣ್ಣುಪಾಲಾಗುತ್ತದೆ. ರೋಮಿನ ಹೆಮ್ಮೆಯಾದ ಲೀಜನ್ ಪಡೆ ಕಟ್ಟೋಣವೆಂದರೆ ನನ್ನ ಗಡಿಯೊಳಗೆ ಕಬ್ಬಿಣವೇ ಇರಲಿಲ್ಲ. ಓಸ್ಟಿಯಾ ಮೂರು ಸರದಿಗಳಲ್ಲಿ ಬಿತ್ತು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನನಗೆ ಬೇರೆ ಬೇರೆ ಸಂದರ್ಭಗಳಲ್ಲಿ ನೆನಪಾಗಿದೆ, ಆದರೆ ಗೋಡೆ ಅರ್ಧ ಕಟ್ಟಿದ ಕೋಟೆಯ ಎದುರು ಕೂತು ನೆನಪಾದದ್ದು ಅದೊಂದೇ ಸಲ. ರಾಜಧಾನಿಗೆ ಗೋಡೆಯಿದ್ದುದರಿಂದ ಅದು ಉಳಿಯಿತು. ಓಸ್ಟಿಯಾವನ್ನು ಬಿಟ್ಟುಕೊಟ್ಟು ಸಂಧಿ ಮಾಡಿಕೊಂಡೆ. ಮುಂದಿನ ನೂರು ಸರದಿಗಳ ಕಾಲ, ನನ್ನ ಜನರನ್ನು ಕೊಚ್ಚಿಕೊಂಡು ಹೋದ ನೆರೆ ಬಿಟ್ಟುಹೋದ ಮೆಕ್ಕಲಿನ ಬೆಳೆಯನ್ನು ಅವನ ಜನ ಉಂಡರು.

ನಮ್ಮ ಕಡೆಯ ಪರಂಪರೆಯಲ್ಲಿ ಚಂದ್ರಗುಪ್ತನೆಂದರೆ ರಾಜ್ಯವನ್ನು ತೊರೆದು, ಭದ್ರಬಾಹು ಮುನಿಗಳೊಡನೆ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ಕೈಗೊಂಡವನು. ಅಲ್ಲಿನ ಚಿಕ್ಕಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು ಬಂದದ್ದೂ ಅವನಿಂದಲೇ ಎನ್ನುತ್ತಾರೆ. ಶಾಲೆಯ ಪ್ರವಾಸದಲ್ಲಿ ಆ ಬೆಟ್ಟವನ್ನು ಹತ್ತಿದವನಿಗೆ, ಎಲ್ಲವನ್ನೂ ಬಿಟ್ಟವನೆಂದು ಕೇಳಿದ ದೊರೆಯೇ ಒಂದು ಮನೆಯನ್ನೂ ಬಿಡದೆ ಕಿತ್ತುಕೊಳ್ಳುವುದನ್ನು ನೋಡುವುದು ವಿಚಿತ್ರವೆನಿಸಿತು.

ಭಾರತದ ದೊರೆಗಳ ಮಾತು ಬಂದದ್ದರಿಂದ ಗಾಂಧೀಜಿಯ ಅಣುಬಾಂಬಿನ ಕಥೆಯನ್ನೂ ಇಲ್ಲಿಯೇ ಮುಗಿಸಿಬಿಡುತ್ತೇನೆ. ಇಂಥ ಪ್ರಶ್ನೆಗೆ ಯಾರಾದರೊಬ್ಬರು ಅದನ್ನು ಹೇಳಿಯೇ ಹೇಳುತ್ತಾರೆ. ಈ ಸರಣಿಯ 1991ರ ಮೊದಲ ಆಟದಲ್ಲಿ ಗಾಂಧಿಯ ಆಕ್ರಮಣಶೀಲತೆಯ ಅಂಕ 1 ಇತ್ತು, ಪ್ರಜಾಪ್ರಭುತ್ವ ಬಂದಾಗ ಅದರಲ್ಲಿ 2 ಕಳೆದು, ಲೆಕ್ಕ ಸೊನ್ನೆಗಿಂತ ಕೆಳಗೆ ಇಳಿಯಲಾರದೆ ತಿರುಗಿ 255 ಆಯಿತು ಎಂಬುದು ಆ ಕಥೆ. ಕೇಳಲು ಚೆನ್ನಾಗಿದೆ, ಆದರೆ ನಡೆದದ್ದಲ್ಲ. ಆಟದ ಜನಕ ಸಿಡ್ ಮೇಯರ್ 2020ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಅಂಥ ದೋಷ ಇರಲೇ ಇಲ್ಲವೆಂದು ಸ್ಪಷ್ಟಪಡಿಸಿದ್ದಾರೆ. ಆದರೆ ಐದನೆಯ ಆಟದಲ್ಲಿ ಗಾಂಧಿಗೆ ಅಣ್ವಸ್ತ್ರದ ಒಲವನ್ನು ವಿನೋದಕ್ಕಾಗಿ ಬೇಕೆಂದೇ ಹೆಚ್ಚಿಸಿದ್ದರು. ನನ್ನ ಆಟಗಳಲ್ಲಿ ಗಾಂಧೀಜಿಯಿಂದ ಆದ ತೊಂದರೆ ಬೇರೆ: ಅವರ ಮೇಲೆ ಯುದ್ಧಕ್ಕೆ ಹೋದರೆ ಸೋಲುವುದಿಲ್ಲ, ಆದರೆ ನಮ್ಮದೇ ಜನರಿಗೆ ಯುದ್ಧದ ಬೇಸರ ವಿಪರೀತವಾಗಿ ಹೆಚ್ಚಿ ಊರೂರಿನಲ್ಲಿ ಅಸಮಾಧಾನ ಏಳುತ್ತದೆ. ಆ ಸಾಮರ್ಥ್ಯಕ್ಕೆ ಸತ್ಯಾಗ್ರಹವೆಂದು ಹೆಸರಿಟ್ಟಿರುವುದು ಅಣುಬಾಂಬಿನ ಹಾಸ್ಯಕ್ಕಿಂತ ಚುರುಕಾಗಿದೆ ಎಂದು ನನ್ನ ಅಭಿಪ್ರಾಯ.

ಎರಡನೆಯ ಘಟನೆಯಲ್ಲಿ ದೇವರನ್ನೂ ಪ್ರಕೃತಿಯನ್ನೂ ದೂರುವಂತಿಲ್ಲ. ನಾನು ಕೆನಡಾ ಆಗಿದ್ದೆ. ಆ ನಾಡಿನ ಮೇಲೆ ಯಾರೂ ಏಕಾಏಕಿ ಯುದ್ಧ ಸಾರುವಂತಿಲ್ಲ, ಮೊದಲು ಖಂಡಿಸಿ, ಐದು ಸರದಿ ಕಾಯ್ದು ಬರಬೇಕು. ಉತ್ತರಕ್ಕೆ ಹೆಪ್ಪುಗಟ್ಟಿದ ಸಮುದ್ರ. ಹಡಗುಗಳು ಹಿಮದ ಮನೆಗಳನ್ನು ದಾಟಲಾರವು. ಇಷ್ಟು ಭದ್ರತೆ ಇದ್ದಾಗ ನೌಕಾಪಡೆಗೆ ಯಾರು ಖರ್ಚು ಮಾಡುತ್ತಾರೆ? ಉಳಿದ ದುಡಿಮೆಯನ್ನೆಲ್ಲ ಕಾರ್ಖಾನೆಗಳಿಗೂ ಅವಕ್ಕೆ ವಿದ್ಯುತ್ ಕೊಡುವ ಕಲ್ಲಿದ್ದಲಿನ ಸ್ಥಾವರಗಳಿಗೂ ಸುರಿದೆ. ಆಟದಲ್ಲಿ ಹವಾಮಾನ ಬದಲಾವಣೆ ಏಳು ಹಂತಗಳಲ್ಲಿ ಏರುತ್ತದೆ, ಪ್ರತಿಯೊಂದು ನಾಡು ಎಷ್ಟು ಇಂಗಾಲ ಉಗುಳಿದೆ ಎಂಬುದನ್ನು ತೋರಿಸುವ ಪುಟವೂ ಇದೆ. ಅದರಲ್ಲಿ ನನ್ನ ಹೆಸರೇ ಎಲ್ಲರಿಗಿಂತ ಮೇಲಿತ್ತು, ನಾನು ಅದನ್ನು ಅಭಿವೃದ್ಧಿಯ ಪಟ್ಟಿಯಂತೆ ನೋಡಿ ಖುಷಿಪಡುತ್ತಿದ್ದೆ.

ಮೊದಲು ತಗ್ಗಿನ ಕರಾವಳಿಯ ಮನೆಗಳಿಗೆ ನೀರು ನುಗ್ಗಿತು, ಆಮೇಲೆ ಅವು ಮುಳುಗಿಯೇ ಹೋದವು. ಕಡಲಿನ ನೀರನ್ನು ತಡೆಯುವ ತಡೆಗೋಡೆಯ ಬೆಲೆ ಸಮುದ್ರದ ಮಟ್ಟದೊಂದಿಗೇ ಏರುತ್ತದೆ. ನಾಳೆ ನೋಡೋಣವೆಂದವನು ನಾಳೆ ಇನ್ನೂ ಹೆಚ್ಚು ತೆರಬೇಕು. ನಾನು ದಕ್ಷಿಣದ ಕರಾವಳಿಯನ್ನು ನೋಡುತ್ತ ಈ ಲೆಕ್ಕದಲ್ಲಿ ಮುಳುಗಿದ್ದಾಗ ಉತ್ತರದ ಹಿಮ ಸರದಿಗೊಂದಿಷ್ಟು ಕರಗುತ್ತಿತ್ತು. ಅತ್ತ ಕಣ್ಣು ಹಾಯಿಸಿದ್ದು ನಾರ್ವೆಯ ಹೆರಾಲ್ಡ್ ಖಂಡಿಸಿದ ಮೇಲೆಯೇ. ಬಲವಾದ ನೌಕಾಪಡೆ ಇಲ್ಲದವರನ್ನು ಕಂಡರೆ ಅವನಿಗೆ ತಿರಸ್ಕಾರ, ಅದು ಅವನ ಜಾಯಮಾನ. ಐದು ಸರದಿ ಮುಗಿದೊಡನೆ ಕರಗಿದ ಹಿಮದ ನಡುವಿನ ಕಾಲುವೆಯಂಥ ದಾರಿಯಲ್ಲಿ ಅವನ ಯುದ್ಧನೌಕೆಗಳು ಒಂದರ ಹಿಂದೊಂದು ಬಂದವು; ದೂರದಿಂದ ಗುಂಡು ಹಾರಿಸಿ ನಗರದ ರಕ್ಷಣೆಯನ್ನು ಕಳಚಿದವು, ಕೊನೆಗೆ ಒಂದು ಡಿಸ್ಟ್ರಾಯರ್ ಬಂದು ನಗರವನ್ನೇ ವಶಪಡಿಸಿಕೊಂಡಿತು. ಆ ದಾರಿಯನ್ನು ಅವನಿಗೆ ಅಗೆದುಕೊಟ್ಟವನು ನಾನೇ, ಅದೂ ಎಪ್ಪತ್ತು ಸರದಿಗಳ ಕಾಲ ಕಲ್ಲಿದ್ದಲು ಉರಿಸಿ.

ಇದನ್ನೆಲ್ಲ ಓದಿ ನನ್ನನ್ನು ಬಡಪಾಯಿ ಎಂದುಕೊಳ್ಳಬೇಡಿ. ಬೇರೊಂದು ಆಟದಲ್ಲಿ ಇಂಕಾ ದೊರೆ ಪಚಕುತಿಯ ನಗರದ ಪಕ್ಕದ ಜ್ವಾಲಾಮುಖಿ ಸಿಡಿದು ಅವನ ಪಡೆಗಳು ಗಾಯಗೊಂಡಾಗ, ಮರುಸರದಿಗೇ ಯುದ್ಧ ಸಾರಿದವನು ನಾನು. ನಗರ ಸಿಕ್ಕಿತು. ಗಾಯಗೊಂಡ ನನ್ನ ಪಡೆಗಳನ್ನು ಅದೇ ಬೆಟ್ಟದ ಬುಡದಲ್ಲಿ ವಿಶ್ರಾಂತಿಗೆ ಬಿಟ್ಟೆ, ಬೆಟ್ಟ ಮತ್ತೆ ಸಿಡಿಯಿತು. ಅದರ ಬಗ್ಗೆ ಹೆಚ್ಚು ಹೇಳಲಾರೆ. ಮಧ್ಯಯುಗದಲ್ಲಿ ವಿಶ್ವ ಸಮ್ಮೇಳನ ಆರಂಭವಾದ ಮೇಲೆ, ವಿಪತ್ತಿಗೆ ಸಿಕ್ಕವರಿಗೆ ಉಳಿದವರು ಹಣ ಕಳಿಸಿ ನೆರವಾಗುವ ಏರ್ಪಾಡೂ ಇದೆ. ಹೆಚ್ಚು ಕೊಟ್ಟವರಿಗೆ ರಾಜತಾಂತ್ರಿಕ ಗೆಲುವಿನ ಅಂಕಗಳು ಸಿಗುತ್ತವೆ. ನನಗೆ ಒಮ್ಮೆ ಎಲ್ಲರಿಗಿಂತ ಹೆಚ್ಚು ಹೊನ್ನು ಕಳಿಸಿದವನು ಚಂದ್ರಗುಪ್ತ. ಆ ಆಟದಲ್ಲಿ ಅವನು ಭೂಪಟದ ಇನ್ನೊಂದು ಕೊನೆಯಲ್ಲಿದ್ದ.

ರೋಮಿನ ಆಟದ ಕಡತವನ್ನು, ನೆರೆ ಬರುವ ಹತ್ತು ಸರದಿ ಮೊದಲಿನದನ್ನು, ನಾನು ಅಳಿಸಿಲ್ಲ. ಆಗಾಗ ತೆರೆದು ಬೇರೆ ಬೇರೆ ರೀತಿಯಲ್ಲಿ ಆಡಿ ನೋಡುತ್ತೇನೆ. ಒಮ್ಮೆ ದುರಸ್ತಿ ಬಿಟ್ಟು ಗೋಡೆ ಮುಗಿಸಿದೆ. ಓಸ್ಟಿಯಾ ಎಂಟು ಸರದಿ ತಾಳಿ ಬಿತ್ತು. ಇನ್ನೊಮ್ಮೆ ಬಿಲ್ಲುಗಾರರನ್ನು ದಂಡೆಯಿಂದ ಎಬ್ಬಿಸಿ ಗುಡ್ಡದ ಮೇಲೆ ನಿಲ್ಲಿಸಿ, ಗೋಡೆಯನ್ನೂ ಕಟ್ಟಿ, ಹೇಗೋ ಉಳಿಸಿಕೊಂಡೆ. ಮತ್ತೊಮ್ಮೆ ಏನು ಬದಲಾಯಿಸಿದೆನೋ ನನಗೇ ನೆನಪಿಲ್ಲ, ನದಿ ಉಕ್ಕಲೇ ಇಲ್ಲ. ಗದ್ದೆಗಳು ಹಸಿರಾಗಿದ್ದವು, ಶಿಬಿರ ಗಟ್ಟಿಮುಟ್ಟಾಗಿತ್ತು, ಓಸ್ಟಿಯಾದಲ್ಲಿ ಜನ ಏಳರಿಂದ ಎಂಟಾದರು. ಚಂದ್ರಗುಪ್ತ ಮಾತ್ರ ಅದೇ ಹೊತ್ತಿಗೆ ಬಂದ.