ಬಾಲ್ಯದಲ್ಲಿ ನೊಂದ ಪಾತ್ರಗಳು ಸಿನಿಮಾದಲ್ಲಿ ಪ್ರೀತಿಸುವವರನ್ನೇ ಯಾಕೆ ದೂರ ಮಾಡುತ್ತವೆ?

ಮತ್ತೆ ಅದೇ ನೋವಾಗಬಾರದು ಅಂತ. ಚಿಕ್ಕಂದಿನಲ್ಲಿ ತಮ್ಮನ್ನು ಕಾಪಾಡಿದ ಎಚ್ಚರವನ್ನು ಅವರು ದೊಡ್ಡವರಾದ ಮೇಲೂ ಬಿಡಲಾರರು.

ಮಗುವಿಗೆ ಮನೆಯವರೇ ಪ್ರಪಂಚ. ಅವರು ಬಿಟ್ಟುಹೋದರೆ ‘ನನ್ನಲ್ಲೇ ಏನೋ ತಪ್ಪಿದೆ’ ಅಂದುಕೊಳ್ಳುತ್ತದೆ. ಅಪ್ಪ ಅಮ್ಮನದೇ ತಪ್ಪು ಅಂದುಕೊಂಡರೆ ಅದಕ್ಕೆ ಬೇರೆ ಆಸರೆ ಎಲ್ಲಿದೆ? ಆ ತೀರ್ಮಾನ ಮನಸ್ಸಿನೊಳಗೆ ಹಾಗೇ ಉಳಿದುಬಿಡುತ್ತದೆ.

2016ರ ಹಿಂದಿ ಸಿನಿಮಾ ‘ಡಿಯರ್ ಜಿಂದಗಿ’ಯಲ್ಲಿ ಇದು ತುಂಬ ಚೆನ್ನಾಗಿ ಬಂದಿದೆ. ಕಾಯ್ರಾ (ಆಲಿಯಾ ಭಟ್) ಚಿಕ್ಕವಳಿದ್ದಾಗ ಅಪ್ಪ ಅಮ್ಮ ಅವಳನ್ನು ಅಜ್ಜ-ಅಜ್ಜಿಯ ಹತ್ತಿರ ಬಿಟ್ಟು ವಿದೇಶಕ್ಕೆ ಹೋಗಿರುತ್ತಾರೆ. ದೊಡ್ಡವಳಾದ ಮೇಲೆ ಯಾರಾದರೂ ಹತ್ತಿರವಾದರೆ ಸಾಕು, ಅವರು ಬಿಡುವ ಮೊದಲೇ ಇವಳೇ ಬಿಟ್ಟುಬಿಡುತ್ತಾಳೆ. ನೋಡುವವರಿಗೆ ಹಟ, ಕೊಬ್ಬು ಅನ್ನಿಸಬಹುದು. ನಿಜಕ್ಕೂ ಅದು ಹೆದರಿಕೆ. ಮನೋವೈದ್ಯರ ಹತ್ತಿರ ಅದನ್ನು ಬಾಯಿಬಿಟ್ಟು ಹೇಳಿಕೊಂಡ ಮೇಲೇ ಅವಳು ಹಗುರಾಗುವುದು.

ಎಲ್ಲರಿಗೂ ಹೀಗೆ ಮಾತು ಸಿಗುವುದಿಲ್ಲ, ಅಲ್ವಾ? ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿದ ‘ಮಿಸ್ಟಿಕ್ ರಿವರ್’ (2003) ನೋಡಿ. ಬಾಸ್ಟನ್ನಿನ ಬೀದಿಯಲ್ಲಿ ಮೂವರು ಹುಡುಗರು ಹಸಿ ಸಿಮೆಂಟಿನಲ್ಲಿ ಹೆಸರು ಗೀಚುತ್ತಿರುತ್ತಾರೆ. ಅವರಲ್ಲೊಬ್ಬನಾದ ಡೇವ್ ತನ್ನ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರವನ್ನಷ್ಟೇ ಬರೆದಿರುತ್ತಾನೆ. ಪೊಲೀಸರ ಸೋಗಿನಲ್ಲಿ ಬಂದವರು ಅವನನ್ನು ಕಾರಿಗೆ ಹತ್ತಿಸಿಕೊಂಡು ಹೋಗುತ್ತಾರೆ. ಅವನು ತಪ್ಪಿಸಿಕೊಂಡು ಬರುತ್ತಾನೆ, ಮುಂದೆ ಮದುವೆಯಾಗಿ ಅವನಿಗೊಬ್ಬ ಮಗನೂ ಹುಟ್ಟುತ್ತಾನೆ. ಆದರೆ ಒಳಗಿನದನ್ನು ಹೆಂಡತಿಗೂ ಬಿಡಿಸಿ ಹೇಳಲಾರ. ಊರಲ್ಲೊಂದು ಕೊಲೆ ನಡೆದಾಗ ಅವನ ತಡವರಿಕೆ ನೋಡಿ ಆ ಹೆಂಡತಿಗೇ ಅವನ ಮೇಲೆ ಅನುಮಾನ ಬರುತ್ತದೆ.